ಆರಿದ ಬೆಂಕಿಯ ಹಾದಿಯಲ್ಲಿ



ಅಗ್ನಿಪರ್ವತವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಜಪಾನಿಗೋ ಇಟಲಿಗೋ ಹಾರುತ್ತದೆ. ಮೈಸೂರಿನಲ್ಲಿ ಬೆಳೆದವರಿಗೆ ಬೆಟ್ಟವೆಂದರೆ ಚಾಮುಂಡಿ; ಅದು ಬೆಂಕಿ ಕಾರುವುದೆಂಬುದು ಕನಸಿನಲ್ಲಿಯೂ ಬಾರದ ಸಂಗತಿ. ಆದರೂ ಆ ಬೆಟ್ಟದ ಕಲ್ಲು ಒಂದಾನೊಂದು ಕಾಲಕ್ಕೆ ಕರಗಿದ ರಸವಾಗಿದ್ದಿತು. ಸುಮಾರು ೮೦ ಕೋಟಿ ವರ್ಷಗಳ ಹಿಂದೆ ಆ ರಸವು ನೆಲದ ಮೇಲಕ್ಕೆ ಬಾರದೆ, ಒಳಗೊಳಗೇ ಮೆಲ್ಲಮೆಲ್ಲನೆ ಆರಿ, ಹರಳುಗಟ್ಟಿ, ಗ್ರಾನೈಟ್ ಶಿಲೆಯಾಯಿತು. ಮೇಲಿದ್ದ ಹೊದಿಕೆಯು ಮಳೆಗೂ ಗಾಳಿಗೂ ಸವೆದು ಹೋದ ಮೇಲೆ ಬೆಟ್ಟವಾಗಿ ನಮ್ಮ ಕಣ್ಣಿಗೆ ಬಿದ್ದಿತು. ಭೂಮಿಯ ಒಳಗಿನ ಬೆಂಕಿಯ ಕೆಲಸ ನಮ್ಮ ಮನೆಯ ಬಾಗಿಲಲ್ಲಿಯೇ ಇರುವಾಗ ಅದನ್ನು ನೋಡಲು ಪರದೇಶಕ್ಕೆ ಏಕೆ ಹೋಗಬೇಕು ಎಂಬ ವಿಚಾರದಿಂದ ನಾವು ಕೆಲವರು ಕೂಡಿ ಒಂದು ಪ್ರವಾಸವನ್ನು ಕೈಗೊಂಡೆವು. ಆ ಪ್ರವಾಸದ ವಿಷಯವಾಗಿ ಈ ಹೊತ್ತು ಒಂದೆರಡು ಮಾತನ್ನು ಹೇಳಬೇಕೆಂದಿದ್ದೇನೆ.

ನಮ್ಮ ತಂಡದಲ್ಲಿ ಇಪ್ಪತ್ತೆರಡು ಮಂದಿ ಇದ್ದೆವು. ಹೆಚ್ಚಿನವರು ಕಾಲೇಜಿನ ವಿದ್ಯಾರ್ಥಿಗಳು, ಮೂವರು ಉಪಾಧ್ಯಾಯರು, ಉಳಿದವರು ಊರಿನ ಗೃಹಸ್ಥರು. ಇವರಲ್ಲಿ ಒಬ್ಬರನ್ನು ಮಾತ್ರ ತಮಗೆ ಪರಿಚಯ ಮಾಡಿಕೊಡುತ್ತೇನೆ. ಅವರು ಎಪ್ಪತ್ತು ದಾಟಿದ ನಿವೃತ್ತ ಹೆಡ್ಮಾಸ್ಟರು. ನಾವೆಲ್ಲರೂ ಅವರನ್ನು ಮೇಷ್ಟ್ರೆಂದೇ ಕರೆಯುವುದು ವಾಡಿಕೆ. ಮೊಣಕಾಲಿನ ನೋವು ಅವರನ್ನು ಹತ್ತು ವರ್ಷಗಳಿಂದ ಕಾಡುತ್ತಿದ್ದಿತು. ಕಲ್ಲುಗಳ ಮೇಲೆ ಅವರಿಗೆ ಏನೂ ಆಸಕ್ತಿಯಿರಲಿಲ್ಲ. ಪ್ರವಾಸದ ಕಡೆಯ ದಿನ ಪುತ್ತೂರಿನ ಬಳಿಯ ಬೆಂದ್ರುತೀರ್ಥಕ್ಕೆ ಹೋಗುವೆವೆಂದು ಕೇಳಿ, ಆ ಬಿಸಿನೀರಿನಲ್ಲಿ ಮಿಂದರೆ ಕಾಲು ಸರಿಹೋದೀತೆಂಬ ಆಸೆಯಿಂದ ಹೊರಟವರು. ಜೊತೆಗೆ ಹತ್ತು ವರ್ಷದ ಮೊಮ್ಮಗಳನ್ನೂ ಕರೆತಂದಿದ್ದರು. ಹುಡುಗಿ ಬಸ್ಸು ಶ್ರೀರಂಗಪಟ್ಟಣವನ್ನು ದಾಟುವ ಮೊದಲೇ ನನ್ನ ಬಳಿಗೆ ಬಂದು, "ಸಾರ್, ಮೈಸೂರೂ ಒಂದು ದಿನ ಸಿಡಿದು ಬೆಂಕಿ ಬರುತ್ತಾ?" ಎಂದು ಕೇಳಿದಳು. ಅವಳ ಮುಖದಲ್ಲಿ ಹುಡುಗಾಟವಿರಲಿಲ್ಲ; ನಿಜವಾದ ಭಯವಿದ್ದಿತು. ದಾರಿಯುದ್ದಕ್ಕೂ ನಾವು ಮಾತನಾಡಿದ ಎಷ್ಟೋ ವಿಷಯಗಳು ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತಿದವು.

ಶ್ರೀರಂಗಪಟ್ಟಣದ ಕಡೆಯಿಂದ ನಾಗಮಂಗಲ, ಚಿಕ್ಕನಾಯಕನಹಳ್ಳಿ, ಚಿತ್ರದುರ್ಗಗಳ ಮೇಲೆ ಗದಗಿನವರೆಗೆ ಒಂದು ಪುರಾತನ ಶಿಲಾಶ್ರೇಣಿ ಉದ್ದಕ್ಕೆ ಚಾಚಿಕೊಂಡಿದೆ. ಧಾರವಾಡದ ಹೆಸರಿನಿಂದ ಇಂತಹ ಶಿಲೆಗಳನ್ನು ಮೊದಲು ಗುರುತಿಸಿ ಕರೆದವರು ರಾಬರ್ಟ್ ಬ್ರೂಸ್ ಫೂಟ್ ಎಂಬ ಪಂಡಿತರು. ೧೮೯೪ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾಗಿ ಬಂದವರೂ ಇವರೇ. ನಮ್ಮ ಬಸ್ಸು ಅರ್ಧ ದಿನ ಈ ಶ್ರೇಣಿಯ ಬೆನ್ನು ಹಿಡಿದೇ ಸಾಗಿತು. ಹೊರಗೆ ತೆಂಗಿನ ತೋಟ, ರಾಗಿಯ ಹೊಲ, ಅಲ್ಲಲ್ಲಿ ಕುರುಚಲು ಗುಡ್ಡ. ನೋಡಿದವರಿಗೆ ಏನೂ ವಿಶೇಷವಿಲ್ಲ.

ಹಿರಿಯೂರನ್ನು ಬಿಟ್ಟು ಚಿತ್ರದುರ್ಗದ ಕಡೆಗೆ ಹೋಗುವಾಗ ಐಮಂಗಲದ ಆಸುಪಾಸಿನಲ್ಲಿ ಮರಡಿಹಳ್ಳಿ ಎಂಬ ಊರುಂಟು. ಅದರ ಬಳಿಯ ಬಂಡೆಗಳನ್ನು ಮೊದಲ ಸಲ ಕಂಡವರಿಗೆ, ಯಾರೋ ನೂರಾರು ತಲೆದಿಂಬುಗಳನ್ನು ಒಂದರ ಮೇಲೊಂದು ಒತ್ತಿ ಪೇರಿಸಿ, ಅವು ಹಾಗೆಯೇ ಕಲ್ಲಾಗಿ ಹೋದಂತೆ ತೋರುತ್ತದೆ. ಭೂವಿಜ್ಞಾನಿಗಳು ಇದನ್ನು ದಿಂಬು ಲಾವಾ ಎಂದು ಕರೆಯುತ್ತಾರೆ. ಇದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಚಾಮುಂಡಿಬೆಟ್ಟದ ಕಲ್ಲು ಇದರ ಮುಂದೆ ನಿನ್ನೆ ಮೊನ್ನೆ ಹುಟ್ಟಿದ ಕೂಸು.

ದಿಂಬಿನ ಆಕಾರ ಹೇಗೆ ಬಂದಿತೆಂಬುದನ್ನು ಸ್ವಲ್ಪ ವಿವರಿಸಬೇಕು. ಕುದಿಯುವ ಶಿಲಾರಸವು ನೆಲದ ಮೇಲೆ ಹರಿದರೆ ಹಾಸಿನಂತೆ ಹರಡಿಕೊಳ್ಳುತ್ತದೆ. ನೀರಿನ ಅಡಿಯಲ್ಲಿ ಉಕ್ಕಿದರೆ ಹಾಗಾಗುವುದಿಲ್ಲ. ರಸದ ಹೊರಮೈ ತಣ್ಣೀರು ಸೋಕಿದ ಕ್ಷಣದಲ್ಲಿ ಬಿಗಿದು ಗಾಜಿನಂತಹ ಚರ್ಮವಾಗುತ್ತದೆ. ಒಳಗಿನದು ಇನ್ನೂ ದ್ರವವಾಗಿಯೇ ಇರುತ್ತದೆ. ಹಿಂದಿನಿಂದ ಬರುವ ರಸದ ಒತ್ತಡಕ್ಕೆ ಆ ಚರ್ಮ ಒಂದು ಕಡೆ ಬಿರಿದು, ಅಲ್ಲಿಂದ ಮತ್ತೊಂದು ಉಂಡೆ ಹೊರಕ್ಕೆ ನುಸುಳುತ್ತದೆ, ಅದರ ಮೈಯೂ ಬಿಗಿಯುತ್ತದೆ, ಅದೂ ಬಿರಿಯುತ್ತದೆ. ಹೀಗೆ ಒಂದರಿಂದ ಒಂದು ಹುಟ್ಟಿ ರಾಶಿಯಾಗುತ್ತವೆ. ಮೇಲಿನ ಉಂಡೆ ಇನ್ನೂ ಮೆತ್ತಗಿರುವಾಗಲೇ ಕೆಳಗಿನ ಎರಡು ಉಂಡೆಗಳ ಸಂದಿಗೆ ಇಳಿದು ಕೂರುವುದರಿಂದ ಅದರ ಬೆನ್ನು ಉಬ್ಬಾಗಿಯೂ ಅಡಿ ಮೊನಚಾಗಿಯೂ ಇರುತ್ತದೆ. ಆದಕಾರಣ ಪದರಗಳು ಎಷ್ಟೇ ತಿರುವುಮುರುವಾಗಿದ್ದರೂ ಅವು ಹುಟ್ಟಿದ ದಿನ ಯಾವ ಕಡೆ ಮೇಲಾಗಿದ್ದಿತು ಎಂಬುದನ್ನು ಈ ದಿಂಬುಗಳನ್ನು ನೋಡಿ ಹೇಳಬಹುದು. ಇದೆಲ್ಲ ಬರಿಯ ಊಹೆಯಲ್ಲ. ೧೯೭೦ರ ದಶಕದಲ್ಲಿ ಹವಾಯಿ ದ್ವೀಪದ ಕರಾವಳಿಯಲ್ಲಿ ಸಮುದ್ರಕ್ಕೆ ಇಳಿಯುತ್ತಿದ್ದ ಲಾವಾದ ಬಳಿಗೆ ಮುಳುಗುಗಾರರು ಹೋಗಿ, ದಿಂಬು ಹುಟ್ಟುವುದನ್ನು ಕಣ್ಣಾರೆ ಕಂಡು ಚಿತ್ರ ತೆಗೆದಿದ್ದಾರೆ.

ಆದುದರಿಂದ ಮರಡಿಹಳ್ಳಿಯ ಬಂಡೆ ಹೇಳುವ ಮುಖ್ಯ ಸಂಗತಿ ಬೆಂಕಿಯದಲ್ಲ, ನೀರಿನದು. ಮಳೆಗಾಗಿ ಮುಗಿಲು ನೋಡುವ ಆ ಒಣನೆಲ ಒಂದು ಕಾಲಕ್ಕೆ ನೀರಿನ ಅಡಿಯಲ್ಲಿದ್ದಿತು. ನಾನು ಇದನ್ನು ಹೇಳುತ್ತಿರುವಾಗ ಆಡು ಮೇಯಿಸುತ್ತಿದ್ದ ಒಬ್ಬ ಮುದುಕ ಹತ್ತಿರ ಬಂದು ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಕಡೆಗೆ, "ಆ ನೀರೆಲ್ಲ ಎಲ್ಲಿಗೋಯ್ತು ಸ್ವಾಮೀ?" ಎಂದ. ವಿದ್ಯಾರ್ಥಿಗಳು ನಕ್ಕರು. ನನಗೆ ನಗು ಬರಲಿಲ್ಲ; ಇಡೀ ದಿನದಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ ಅದೇ ಅತ್ಯುತ್ತಮವಾದುದು. ಸಮುದ್ರಗಳ ತಳ ಏರುತ್ತದೆ, ಭೂಖಂಡಗಳು ಕೂಡುತ್ತವೆ, ಕೂಡಿದೆಡೆಯಲ್ಲಿ ತಳದ ಶಿಲೆ ಮಡಿಚಿಕೊಂಡು ಮೇಲೇಳುತ್ತದೆ ಎಂದು ನಾನು ತಿಳಿಸಿದೆ. ಆತ ತಲೆದೂಗಿ, "ನಮ್ಮ ಹೊಲದ ಬದೀಲೂ ಇಂಥ ಕಲ್ಲೈತೆ. ಒಡೆದು ಜಲ್ಲಿ ಮಾಡಿದ್ರೆ ರಸ್ತೆಗೆ ಹಾಕ್ತಾರೆ" ಎಂದ.

ಈ ಮಾತು ನನ್ನ ಮನಸ್ಸಿನಲ್ಲಿ ಉಳಿದುಕೊಂಡಿದೆ. ಮರಡಿಹಳ್ಳಿಯ ಬಂಡೆಯ ಒಂದು ಭಾಗವನ್ನು ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಆದರೆ ಸ್ಮಾರಕದ ಗಡಿಯ ಆಚೆಗೂ ಅದೇ ಶಿಲೆ ಇರುತ್ತದೆ, ಅದಕ್ಕೆ ಕಾವಲಿಲ್ಲ. ಮುದುಕನನ್ನು ತಪ್ಪುಗಾರನೆನ್ನಲಾರೆ. ದೇವಾಲಯದ ಕಂಬವನ್ನು ಒಡೆಯಬಾರದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದರ ಕಥೆ ಅವನಿಗೆ ಗೊತ್ತು. ಈ ಕಲ್ಲಿನ ಕಥೆಯನ್ನು ಅವನ ಭಾಷೆಯಲ್ಲಿ ಅವನಿಗೆ ಹೇಳಿದವರು ಯಾರು? ನಮ್ಮಂತಹವರು ಅದನ್ನು ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಪರೀಕ್ಷೆ ಕೊಟ್ಟು, ಇಂಗ್ಲಿಷಿನಲ್ಲಿಯೇ ಮರೆತುಬಿಡುತ್ತೇವೆ.

ಚಿತ್ರದುರ್ಗದ ಕೋಟೆಯನ್ನು ಸಂಜೆ ಹತ್ತಿ ಇಳಿದೆವು. ಮರುದಿನ ಶಿವಮೊಗ್ಗದ ಮೇಲೆ ಆಗುಂಬೆಯ ಘಾಟಿಯನ್ನಿಳಿದು ಉಡುಪಿಯನ್ನು ಸೇರಿದೆವು. ಆಗುಂಬೆಯ ಸೂರ್ಯಾಸ್ತದ ವರ್ಣನೆ ಮಾಡುವವರು ಬೇಕಾದಷ್ಟು ಜನರಿದ್ದಾರೆ. ನಾವು ಹೋದ ದಿನ ಮಂಜು ಕವಿದು ಏನೂ ಕಾಣಲಿಲ್ಲ.

ಮೂರನೆಯ ದಿನ ಬೆಳಗ್ಗೆ ಮಲ್ಪೆಯಿಂದ ದೋಣಿ ಹತ್ತಿದೆವು. ಕರೆಯಿಂದ ಸುಮಾರು ನಾಲ್ಕು ಮೈಲಿ ದೂರದಲ್ಲಿ ಸೇಂಟ್ ಮೇರೀಸ್ ದ್ವೀಪಗಳಿವೆ. ಸ್ಥಳೀಯರು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ೧೪೯೮ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಗೆ ಬಂದು ಕನ್ಯಾಮರಿಯಮ್ಮನ ಹೆಸರನ್ನು ಇಟ್ಟನೆಂಬ ಪ್ರತೀತಿಯುಂಟು. ಇವುಗಳಲ್ಲಿ ಜನರು ಹೋಗಿ ನೋಡುವುದು ತೆಂಗಿನ ಮರಗಳಿರುವ ದ್ವೀಪ. ಉದ್ದ ಸುಮಾರು ಕಾಲು ಹರದಾರಿಗೂ ಕಡಮೆ. ಅಗಲ ನೂರು ಗಜದ ಆಸುಪಾಸು. ಮರಳಿನ ಕಡಲದಡವನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ಕಾಣುವುದು ಕಲ್ಲಿನ ಕಂಬಗಳ ಕಾಡು. ಯಾವನೋ ಶಿಲ್ಪಿ ಅಳತೆ ಹಿಡಿದು ಕಡೆದಂತೆ ಐದು, ಆರು, ಏಳು ಮುಖದ ಕಂಬಗಳು ಒಂದಕ್ಕೊಂದು ತಾಕಿಕೊಂಡು ನಿಂತಿವೆ; ಕೆಲವು ಮುರಿದು ಮೆಟ್ಟಿಲಿನಂತಾಗಿವೆ; ಕೆಲವು ಓರೆಯಾಗಿ ನೀರಿಗೆ ಇಳಿದಿವೆ.

ಇವೂ ಲಾವಾದಿಂದಲೇ ಆದವು. ಆದರೆ ಮರಡಿಹಳ್ಳಿಯ ರಸ ನೀರಿನಲ್ಲಿ ತಟ್ಟನೆ ಬಿಗಿಯಿತು. ಇಲ್ಲಿಯದು ದಪ್ಪವಾದ ಹಾಸಾಗಿ ನಿಂತು ನಿಧಾನವಾಗಿ ಆರಿತು. ಆರುವ ವಸ್ತು ಕುಗ್ಗುತ್ತದೆ. ಕುಗ್ಗುವಾಗ ಎಲ್ಲ ಕಡೆಯಿಂದಲೂ ಸಮವಾದ ಎಳೆತ ಬಿದ್ದು ಬಿರುಕು ಬಿಡುತ್ತದೆ. ಬೇಸಗೆಯಲ್ಲಿ ಕೆರೆಯ ತಳ ಒಣಗಿದಾಗ ಕೆಸರು ಹೆಂಚುಹೆಂಚಾಗಿ ಸೀಳುವುದನ್ನು ತಾವೆಲ್ಲರೂ ನೋಡಿದ್ದೀರಿ, ಅದೇ ನ್ಯಾಯ. ಮೂರು ಬಿರುಕುಗಳು ಸಮಕೋನದಲ್ಲಿ ಕೂಡುವುದು ಪ್ರಕೃತಿಗೆ ಎಲ್ಲಕ್ಕಿಂತ ಮಿತವ್ಯಯದ ದಾರಿಯಾದ್ದರಿಂದ ಜೇನುಹುಟ್ಟಿನಂತೆ ಆರು ಮೂಲೆಯ ಆಕಾರ ಹೆಚ್ಚಾಗಿ ಬರುತ್ತದೆ. ಕೆರೆಯ ಕೆಸರಿನಲ್ಲಿ ಬಿರುಕು ಒಂದೆರಡು ಗೇಣು ಇಳಿದು ನಿಲ್ಲುತ್ತದೆ. ಲಾವಾದಲ್ಲಿ, ತಂಪು ಒಳಕ್ಕೆ ಇಳಿದಂತೆಲ್ಲ ಬಿರುಕೂ ಇಳಿಯುತ್ತ ಹೋಗಿ ಕಂಬವಾಗುತ್ತದೆ. ಐರ್ಲೆಂಡಿನಲ್ಲಿ ದೈತ್ಯನ ಕಟ್ಟೆ ಎಂಬ ಹೆಸರುವಾಸಿಯಾದ ಸ್ಥಳವುಂಟಲ್ಲ, ಅದೂ ಹೀಗೆಯೇ ಹುಟ್ಟಿದ್ದು. ಅದು ಬಸಾಲ್ಟ್ ಎಂಬ ಕಪ್ಪು ಶಿಲೆಯದು. ನಮ್ಮದು ರಯೋಲೈಟ್ ಜಾತಿಗೆ ಸೇರಿದ್ದು, ಸಿಲಿಕ ಹೆಚ್ಚಾಗಿರುವುದು.

ಈ ಕಂಬಗಳ ವಯಸ್ಸು ಎಂಟೂವರೆ ಕೋಟಿಯಿಂದ ಒಂಬತ್ತು ಕೋಟಿ ವರ್ಷ. ಅದೇ ಕಾಲದ ಅಗ್ನಿಶಿಲೆ ಮಡಗಾಸ್ಕರ್ ದ್ವೀಪದಲ್ಲಿ ಹೇರಳವಾಗಿದೆ. ಇದು ಆಕಸ್ಮಿಕವಲ್ಲ. ಆ ಕಾಲಕ್ಕೆ ಮಡಗಾಸ್ಕರವು ನಮ್ಮ ಪಡುವಣ ಕರಾವಳಿಗೆ ಅಂಟಿಕೊಂಡಿದ್ದಿತು. ಎರಡೂ ಬೇರೆಯಾಗುವಾಗ ಸೀಳಿನ ಉದ್ದಕ್ಕೂ ಒಳಗಿನ ರಸ ಉಕ್ಕಿತು. ಮಲ್ಪೆಯ ದ್ವೀಪಗಳು ಆ ಅಗಲಿಕೆಯ ಗಾಯದ ಗುರುತು. ಹುಡುಗಿಗೆ ಇದನ್ನು ಹೇಳಿದಾಗ ಅವಳು ಪಡುವಣ ಕಡೆಗೆ ಕೈಯೆತ್ತಿ, "ಹಾಗಾದರೆ ಅಲ್ಲಿಯೂ ಇಂತಹ ಕಂಬ ನೋಡುತ್ತ ಯಾರಾದರೂ ನಿಂತಿರಬಹುದೇ?" ಎಂದಳು. ಇರಬಹುದು.

ಇಲ್ಲಿ ಒಂದು ಮಾತು. ಉತ್ತರ ಕರ್ನಾಟಕದ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ಕಪ್ಪು ಕಲ್ಲೂ ಲಾವಾ. ಅದು ದಖ್ಖನಿನ ಮೆಟ್ಟಿಲು ಶಿಲೆ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದಿನದು. ಮಹಾರಾಷ್ಟ್ರ ಮೊದಲಾದ ಪ್ರಾಂತಗಳೂ ಸೇರಿ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಅದು ಮುಚ್ಚಿದೆ. ವಿಜಯಪುರದ ಗೋಳಗುಮ್ಮಟವನ್ನು ಕಟ್ಟಿದ್ದು ಆ ಕಲ್ಲಿನಿಂದ. ಹತ್ತಿ ಜೋಳಗಳನ್ನು ಬೆಳೆಯುವ ಎರೆಮಣ್ಣು ಆದದ್ದೂ ಆ ಕಲ್ಲು ಕರಗಿಯೇ. ಮಲ್ಪೆಯದನ್ನೂ ಅದನ್ನೂ ಒಂದೆಂದು ಭಾವಿಸುವವರುಂಟು. ಎರಡಕ್ಕೂ ನಡುವೆ ಎರಡು ಕೋಟಿ ವರ್ಷಗಳ ಅಂತರವಿದೆ. ನಮ್ಮ ತಂಡಕ್ಕೆ ಆ ಕಡೆ ಹೋಗಲು ವೇಳೆಯಿರಲಿಲ್ಲ. ಆ ನಾಡಿನ ವಿಷಯಕ್ಕೆ ಬೇರೆ ಒಂದು ಭಾಷಣವೇ ಬೇಕು.

ದ್ವೀಪದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬ ಬಿದ್ದಿದ್ದ ಕಂಬದ ತುಣುಕೊಂದನ್ನು ಚೀಲಕ್ಕೆ ಸೇರಿಸಿದ. ಕಾಲೇಜಿನ ಸಂಗ್ರಹಕ್ಕೆ ಎಂಬುದು ಅವನ ಸಮಾಧಾನ. ದೋಣಿಯವನು ಅದನ್ನು ಕಂಡು, "ಅದನ್ನಲ್ಲಿಯೇ ಇಡಿ ಮಾರಾಯ್ರೆ. ದಿನಾ ಬರುವ ಜನ ಒಂದೊಂದು ತುಂಡು ಕೊಂಡು ಹೋದರೆ ನಾವು ನಾಳೆ ಜನರನ್ನು ಎಲ್ಲಿಗೆ ಕರಕೊಂಡು ಬರುವುದು?" ಎಂದ. ಹುಡುಗ ಕೆಂಪಗಾಗಿ ಕಲ್ಲನ್ನು ಹಿಂದಕ್ಕೆ ಇಟ್ಟ. ಮರಡಿಹಳ್ಳಿಯ ಮುದುಕನಿಗೆ ಕಲ್ಲನ್ನು ಒಡೆಯುವುದರಿಂದ ಲಾಭ. ಮಲ್ಪೆಯ ದೋಣಿಯವನಿಗೆ ಕಲ್ಲು ಉಳಿಯುವುದರಿಂದ ಲಾಭ. ಕಾಯಿದೆಯ ಪುಸ್ತಕಕ್ಕಿಂತ ಈ ವ್ಯತ್ಯಾಸವನ್ನು ನಾವು ಹೆಚ್ಚು ಗಮನಿಸಬೇಕೆಂದು ನನ್ನ ಅಭಿಪ್ರಾಯ.

ಮಂಗಳೂರಿನಲ್ಲಿ ರಾತ್ರಿ ತಂಗಿ, ಮಾರನೆಯ ಬೆಳಗ್ಗೆ ಪುತ್ತೂರಿಗೆ ಬಂದೆವು. ಅಲ್ಲಿಂದ ದಕ್ಷಿಣಕ್ಕೆ, ಕೇರಳದ ಗಡಿಯ ಕಡೆಗೆ, ಇರ್ದೆ ಎಂಬ ಗ್ರಾಮ. ಅಡಕೆಯ ತೋಟಗಳ ನಡುವೆ ಸೀರೆಹೊಳೆಯ ದಡದಲ್ಲಿ ಬೆಂದ್ರುತೀರ್ಥವಿದೆ. ತುಳುವಿನಲ್ಲಿ ಬೆಂದ್ರೆಂದರೆ ಬಿಸಿನೀರು. ನಮ್ಮ ಹಳಗನ್ನಡದ ಬೆನ್ನೀರು ಇದರ ಹತ್ತಿರದ ನೆಂಟ. ದೊಡ್ಡ ಕುದಿತವನ್ನೂ ಹಬೆಯ ಕಾರಂಜಿಯನ್ನೂ ಎಣಿಸಿ ಬಂದವರಿಗೆ ಇಲ್ಲಿ ನಿರಾಶೆಯಾಗುತ್ತದೆ. ಕಲ್ಲಿನ ಕಟ್ಟೆಯ ಚಿಕ್ಕ ಕೊಳ, ತಳದಿಂದ ಆಗಾಗ ಏಳುವ ಗುಳ್ಳೆ, ಗಂಧಕದ ನಸುವಾಸನೆ. ನೀರು ಮೈಯ ಬಿಸಿಗೆ ಸಮ, ಅಥವಾ ಅದಕ್ಕಿಂತ ಸ್ವಲ್ಪ ಮೇಲೆ. ದಕ್ಷಿಣ ಭಾರತಕ್ಕೆಲ್ಲ ಬಿಸಿನೀರಿನ ಊಟೆ ಇದೊಂದೇ ಎಂದು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ತೆಲುಗುನಾಡಿನ ಗೋದಾವರಿ ಕಣಿವೆಯಲ್ಲಿ ಇಂತಹವು ಇವೆ. ಆದರೆ ಕನ್ನಡನಾಡಿನಲ್ಲಿ ಇದಕ್ಕೆ ಇರುವ ಪ್ರಸಿದ್ಧಿ ಬೇರೆ ಯಾವುದಕ್ಕೂ ಇಲ್ಲ.

ಎರಡು ದಿನ ಲಾವಾ ನೋಡಿ ಬಂದ ವಿದ್ಯಾರ್ಥಿಗಳೆಲ್ಲರೂ ಒಂದೇ ಬಾಯಿಂದ, "ಹಾಗಾದರೆ ಕೆಳಗೆ ಅಗ್ನಿಪರ್ವತವಿದೆ" ಎಂದರು. ಹುಡುಗಿ ತಾತನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆದುದರಿಂದ ಕಟ್ಟೆಯ ಮೇಲೆ ಕುಳಿತು ಇದರ ಲೆಕ್ಕ ಹಾಕಲೇಬೇಕಾಯಿತು.

ಭೂಮಿಯ ಒಳಕ್ಕೆ ಇಳಿದಂತೆಲ್ಲ ಎಲ್ಲೆಡೆಯೂ ಶಾಖ ಹೆಚ್ಚುತ್ತದೆ. ಅದಕ್ಕೆ ಅಗ್ನಿಪರ್ವತ ಬೇಕಾಗಿಲ್ಲ. ಸಾಧಾರಣವಾಗಿ ನೂರು ಅಡಿ ಚಿಲ್ಲರೆಗೆ ಒಂದು ಡಿಗ್ರಿ ಸೆಂಟಿಗ್ರೇಡಿನಂತೆ ಏರುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿ ಇದಕ್ಕೆ ಸಾಕ್ಷಿ. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ತರಿಸಿಕೊಂಡು ಆಳಕ್ಕೆ ಆಳಕ್ಕೆ ಇಳಿದ ಆ ಗಣಿ, ೨೦೦೧ರಲ್ಲಿ ಮುಚ್ಚುವ ಹೊತ್ತಿಗೆ, ಹತ್ತು ಸಾವಿರ ಅಡಿಯನ್ನೂ ದಾಟಿದ್ದಿತು. ಆ ಆಳದಲ್ಲಿ ಬಂಡೆಯ ಶಾಖ ೬೦ ಡಿಗ್ರಿಗೂ ಹೆಚ್ಚು. ಮೇಲಿನಿಂದ ಯಂತ್ರಗಳಲ್ಲಿ ತಣಿಸಿದ ಗಾಳಿಯನ್ನು ಕಳಿಸದೆ ಅಲ್ಲಿ ಕೆಲಸ ಮಾಡುವುದು ಸಾಧ್ಯವಿರಲಿಲ್ಲ. ಆದರೂ ಲೆಕ್ಕ ನೋಡಿದರೆ, ಕೋಲಾರದಲ್ಲಿ ಒಂದು ಡಿಗ್ರಿ ಏರಲು ಇನ್ನೂರೈವತ್ತರಿಂದ ಮುನ್ನೂರು ಅಡಿ ಇಳಿಯಬೇಕು. ಎಂದರೆ ನಮ್ಮ ಮೈಸೂರು ಸೀಮೆಯ ನೆಲ ಲೋಕದ ಸರಾಸರಿಗಿಂತ ತಣ್ಣಗಿನದು. ಪುರಾತನವಾದುದು, ದಪ್ಪವಾದುದು, ಗಟ್ಟಿಯಾದುದು. ನಮ್ಮ ದೇಶದ ಮಟ್ಟಿಗೆ ಈಗಲೂ ಬೆಂಕಿ ಕಾರುವ ಬೆಟ್ಟ ಅಂಡಮಾನಿನ ಬಾರೆನ್ ದ್ವೀಪವೊಂದೇ. ೧೭೮೭ರಲ್ಲಿ ಅದು ಉಗುಳಿದ್ದನ್ನು ಕಂಡು ಬರೆದಿಟ್ಟಿದ್ದಾರೆ. ಆಮೇಲೆ ಒಂದು ಶತಮಾನಕ್ಕೂ ಮಿಕ್ಕ ಕಾಲ ಸುಮ್ಮನಿದ್ದು ೧೯೯೧ರಲ್ಲಿ ಮತ್ತೆ ಎಚ್ಚರಗೊಂಡಿತು. ಅಲ್ಲಿ ಒಂದು ಭೂಫಲಕ ಇನ್ನೊಂದರ ಕೆಳಕ್ಕೆ ತೂರಿಕೊಳ್ಳುತ್ತಿದೆ. ಮೈಸೂರಿನ ಕೆಳಗೆ ಅಂತಹದು ಏನೂ ನಡೆಯುತ್ತಿಲ್ಲ. ಮಲ್ಪೆಯ ಬೆಂಕಿ ಒಂಬತ್ತು ಕೋಟಿ ವರ್ಷಗಳ ಹಿಂದೆ ಆರಿತು. ಇಷ್ಟು ಕಾಲದ ಮೇಲೆ ಅದರ ಕಾವು ನೀರು ಕಾಯಿಸುವಷ್ಟು ಉಳಿದಿರುವುದು ಅಸಂಭವ. ಈ ಮಾತನ್ನು ನಾನು ಹುಡುಗಿಯ ಕಡೆಗೆ ತಿರುಗಿ ಎರಡು ಸಲ ಹೇಳಿದೆ.

ಹಾಗಾದರೆ ಬೆಂದ್ರುತೀರ್ಥದ ಬಿಸಿ ಎಲ್ಲಿಯದು? ಈ ಕೊಳದ ನೀರು ಸುತ್ತಲಿನ ಬಾವಿಗಳ ನೀರಿಗಿಂತ ಹತ್ತು ಹನ್ನೆರಡು ಡಿಗ್ರಿ ಬಿಸಿಯೆಂದು ಇಟ್ಟುಕೊಂಡು ಒಬ್ಬ ವಿದ್ಯಾರ್ಥಿ ಕೋಲಾರದ ಪ್ರಮಾಣದಲ್ಲಿ ಗುಣಿಸಿದ. ಮೂರು ಸಾವಿರ ಅಡಿಯ ಆಸುಪಾಸು ಬಂದಿತು. ಏರುವ ದಾರಿಯಲ್ಲಿ ತಣಿಯುವುದನ್ನೂ ಎಣಿಸಿದರೆ ಇನ್ನೂ ಹೆಚ್ಚು. ಘಟ್ಟದ ಸೆರಗಿನಲ್ಲಿ ಸುರಿದ ಮಳೆಯ ನೀರಿನಲ್ಲಿ ಒಂದು ಪಾಲು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತ ಇಳಿಯುತ್ತ ಅಷ್ಟು ಆಳಕ್ಕೆ ಹೋಗಿ, ಅಲ್ಲಿನ ಶಾಖವನ್ನು ಹೀರಿಕೊಂಡು, ಹಿಂದಿನಿಂದ ಇಳಿಯುವ ನೀರಿನ ಒತ್ತಡಕ್ಕೆ ಮತ್ತೊಂದು ಬಿರುಕಿನಲ್ಲಿ ಬೇಗನೆ ಮೇಲೇಳುತ್ತದೆ. ಬೇಗ ಎದ್ದರೆ ಬಿಸಿ ಉಳಿಯುತ್ತದೆ. ನಿಧಾನವಾದರೆ ದಾರಿಯಲ್ಲಿಯೇ ಆರಿ ಸಾಧಾರಣ ಊಟೆಯಾಗುತ್ತದೆ. ಗಂಧಕದ ವಾಸನೆಗೂ ಬೆಂಕಿಯ ಬೆಟ್ಟ ಬೇಕಾಗಿಲ್ಲ. ಶಿಲೆಯಲ್ಲಿರುವ ಗಂಧಕದ ಲವಣಗಳು ಆಳದ ನೀರಿನಲ್ಲಿ ಕರಗಿ, ಗಾಳಿಯಿಲ್ಲದೆಡೆಯಲ್ಲಿ ಮಾರ್ಪಟ್ಟು ಆ ವಾಸನೆಯನ್ನು ಕೊಡುತ್ತವೆ. ಕೊಂಕಣದ ಕರಾವಳಿಯುದ್ದಕ್ಕೂ, ರಾಜಾಪುರದಿಂದ ವಜ್ರೇಶ್ವರಿ ಗಣೇಶಪುರಿಗಳವರೆಗೆ ಇರುವ ಬಿಸಿನೀರಿನ ಊಟೆಗಳ ಸಾಲೂ, ದಖ್ಖನಿನ ಲಾವಾದ ನಡುವೆಯೇ ಇದ್ದರೂ, ಹೀಗೆಯೇ ಆಳದ ಬಿರುಕುಗಳಿಂದ ಏಳುವುದು. ಹಿಮಾಲಯದ ಮಣಿಕರ್ಣದಲ್ಲಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಊಟೆಗೆ ಇಳಿಬಿಟ್ಟರೆ ಅನ್ನವಾಗುತ್ತದೆ, ಅಲ್ಲಿಯೂ ಅಗ್ನಿಪರ್ವತವಿಲ್ಲ.

ನಿಜವಾಗಿಯೂ ಬೆಂಕಿಯ ಬೆಟ್ಟದ ಮಗ್ಗುಲಲ್ಲಿ ಬಿಸಿನೀರಿದ್ದರೆ ಏನಾಗಬಹುದೆಂಬುದಕ್ಕೆ ನ್ಯೂಜಿಲೆಂಡಿನ ಉದಾಹರಣೆಯುಂಟು. ರೋಟೊಮಹಾನ ಸರೋವರದ ದಡದಲ್ಲಿ ಬಿಸಿನೀರು ಶತಮಾನಗಳಿಂದ ಕಟ್ಟಿದ್ದ ಬಿಳಿಯ ಮತ್ತು ಗುಲಾಬಿ ಬಣ್ಣದ ಮೆಟ್ಟಿಲುಗಳನ್ನು ನೋಡಲು ಲೋಕದ ಮೂಲೆಮೂಲೆಗಳಿಂದ ಪ್ರವಾಸಿಗಳು ಬರುತ್ತಿದ್ದರು. ಮಾವೊರಿ ಜನರು ಅವರಿಗೆ ದಾರಿ ತೋರಿಸಿ ಜೀವಿಸುತ್ತಿದ್ದರು. ೧೮೮೬ರ ಜೂನ್ ತಿಂಗಳ ಒಂದು ರಾತ್ರಿ ಪಕ್ಕದ ಟಾರವೆರ ಬೆಟ್ಟ ಸೀಳಿ, ಆ ಮೆಟ್ಟಿಲುಗಳೂ ದಡದ ಹಳ್ಳಿಗಳೂ ಬೂದಿಯ ಕೆಸರಿನಲ್ಲಿ ಹೂತು ಹೋದವು. ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಊಟೆಗೆ ಅಂತಹ ವೈಭವವಿಲ್ಲ. ಅಂತಹ ಅಪಾಯವೂ ಇಲ್ಲ.

ಅದಕ್ಕಿರುವ ಅಪಾಯ ಬೇರೆ. ಆಳದ ನೀರು ಮೇಲೇಳುವುದು ಒಂದು ನವುರಾದ ತಕ್ಕಡಿಯ ಮೇಲೆ. ಸುತ್ತಲಿನ ನೆಲದಲ್ಲಿ ಕೊಳವೆಬಾವಿಗಳನ್ನು ನೂರಾರು ಅಡಿ ಕೊರೆದು ನೀರನ್ನು ಎಳೆದಂತೆಲ್ಲ ಒತ್ತಡ ಇಳಿಯುತ್ತದೆ. ತಣ್ಣೀರು ಬಿಸಿನೀರಿನ ದಾರಿಗೆ ಬೆರೆಯಲೂಬಹುದು. ಹೀಗಾಗಿ ಬಿಸಿನೀರಿನ ಊಟೆಗಳು ಸೊರಗಿದ ನಿದರ್ಶನಗಳು ನಾನಾ ದೇಶಗಳಲ್ಲಿವೆ. ತೋಟದವರೊಬ್ಬರು ನಮ್ಮೊಡನೆ ಮಾತನಾಡುತ್ತ, "ಬೇಸಗೆಯಲ್ಲಿ ಅಡಕೆಗೆ ನೀರು ಬಿಡದಿದ್ದರೆ ಮರ ಉಳಿಯುವುದಿಲ್ಲ ಮೇಷ್ಟ್ರೆ. ಬೋರು ತೆಗೆಯದೆ ನಾವು ಏನು ಮಾಡುವುದು?" ಎಂದರು. ಅವರ ಮಾತಿಗೆ ಕೂಡಲೆ ಕೊಡಬಹುದಾದ ಉತ್ತರ ನನ್ನಲ್ಲಿರಲಿಲ್ಲ. ತೀರ್ಥದ ಸುತ್ತ ಎಷ್ಟು ದೂರ, ಎಷ್ಟು ಆಳ ಕೊರೆಯಬಹುದೆಂಬುದನ್ನು ಅಳೆದು ನೋಡಿ ಹೇಳಬಲ್ಲ ಶಾಸ್ತ್ರ ಈಗ ಇದೆ. ಊಟೆಯ ಬಿಸಿಯನ್ನೂ ಹರಿವನ್ನೂ ತಿಂಗಳಿಗೊಮ್ಮೆ ಅಳೆದು ಬರೆದಿಡುವುದು ಯಾವ ಶಾಲೆಯ ಮಕ್ಕಳಿಂದಲೂ ಆಗುವ ಕೆಲಸ. ಒಂದು ಉಷ್ಣಮಾಪಕ, ಒಂದು ಕೊಡ, ಒಂದು ಗಡಿಯಾರ ಸಾಕು.

ಇಷ್ಟೆಲ್ಲ ಚರ್ಚೆ ನಡೆಯುತ್ತಿರುವಾಗ ನಮ್ಮ ಮೇಷ್ಟ್ರು ಪಂಚೆಯನ್ನು ಎತ್ತಿ ಕಟ್ಟಿ ಕೊಳಕ್ಕೆ ಇಳಿದು ಅರ್ಧ ಗಂಟೆ ಕುಳಿತುಬಿಟ್ಟಿದ್ದರು. ಮೊದಲು ಕೈಮುಗಿದು, ಮೂರು ಬೊಗಸೆ ನೀರನ್ನು ತಲೆಗೆ ಹಾಕಿಕೊಂಡರು. ವಿದ್ಯಾರ್ಥಿಯೊಬ್ಬ ಸ್ವಲ್ಪ ಹುಮ್ಮಸ್ಸಿನಿಂದ, "ಇದು ಬರಿಯ ಮಳೆನೀರು ಸಾರ್, ಆಳಕ್ಕೆ ಹೋಗಿ ಕಾದು ಬಂದದ್ದು ಅಷ್ಟೆ" ಎಂದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, "ಅಷ್ಟು ದೂರ ಹೋಗಿ ಬಂದಿದೆಯಲ್ಲಪ್ಪ, ಕೈಮುಗಿದರೆ ಏನು ನಷ್ಟ?" ಎಂದರು.

ಕಾಲಿನ ನೋವಿನ ವಿಷಯ ಶ್ರೋತೃಗಳು ಕೇಳಬಹುದು. ಬಿಸಿನೀರಿನಲ್ಲಿ ಕುಳಿತಾಗ ರಕ್ತನಾಳಗಳು ಹಿಗ್ಗುತ್ತವೆ, ಸ್ನಾಯುಗಳು ಸಡಿಲವಾಗುತ್ತವೆ, ನೀರು ದೇಹದ ಭಾರವನ್ನು ಹೊರುವುದರಿಂದ ಕೀಲಿಗೆ ಬಿಡುವು ಸಿಗುತ್ತದೆ. ನೋವು ಆ ಹೊತ್ತಿಗೆ ತಗ್ಗುವುದು ನಿಜ. ಸವೆದ ಕೀಲು ಮತ್ತೆ ಬೆಳೆಯುವುದಿಲ್ಲ. ಚರ್ಮರೋಗಗಳೆಲ್ಲ ವಾಸಿಯಾಗುತ್ತವೆಂದು ಹೇಳುವುದನ್ನು ನಾನು ಒಪ್ಪಲಾರೆ. ವೈದ್ಯರ ಮದ್ದನ್ನು ಬಿಟ್ಟು ಇದನ್ನೇ ನಂಬಿ ಬರುವವರಿಗೆ ಬೇಡವೆಂದೇ ಹೇಳುತ್ತೇನೆ. ಗಾಯವಿರುವವರು ಹಲವರು ಮೀಯುವ ಕೊಳಕ್ಕೆ ಇಳಿಯದಿರುವುದು ಇತರರಿಗೂ ಒಳ್ಳೆಯದು. ಮೇಷ್ಟ್ರು ಕೊಳದಿಂದ ರಸ್ತೆಯವರೆಗಿನ ಏರನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಸಂಪಾಜೆಯ ಘಾಟಿಯನ್ನು ಹತ್ತಿ ಮಡಿಕೇರಿಯಲ್ಲಿ ಕಾಫಿಗೆ ಇಳಿಯುವಾಗ ಮತ್ತೆ ಮೊಮ್ಮಗಳ ಹೆಗಲನ್ನು ಹಿಡಿದುಕೊಂಡರು. ಹುಡುಗಿ ಆ ವೇಳೆಗೆ ಬಸ್ಸಿನಲ್ಲಿದ್ದವರಿಗೆಲ್ಲ, ಮೈಸೂರಿನ ನೆಲ ಏಕೆ ಸಿಡಿಯುವುದಿಲ್ಲವೆಂಬುದನ್ನು ಕೋಲಾರದ ಅಡಿಗಳ ಲೆಕ್ಕದೊಡನೆ ವಿವರಿಸುತ್ತಿದ್ದಳು. ಅಂಕಿಗಳಲ್ಲಿ ಒಂದೆರಡು ಸೊನ್ನೆ ಹೆಚ್ಚಾಗಿದ್ದವು, ಯಾರೂ ತಿದ್ದಲಿಲ್ಲ.

ಈ ಹಾದಿಯಲ್ಲಿ ಹೋಗಬೇಕೆನ್ನುವವರಿಗೆ ಒಂದೆರಡು ಸೂಚನೆ. ಮಳೆಗಾಲದಲ್ಲಿ ಮಲ್ಪೆಯಿಂದ ದ್ವೀಪಕ್ಕೆ ದೋಣಿಗಳು ಹೋಗುವುದಿಲ್ಲ. ಕಾರ್ತಿಕದಿಂದ ಮಾಘದವರೆಗಿನ ಕಾಲ ಒಳ್ಳೆಯದು. ದ್ವೀಪದಲ್ಲಿ ಕಂಬಗಳ ತುದಿ ಚೂಪಾಗಿರುವುದರಿಂದ ಗಟ್ಟಿ ಅಟ್ಟೆಯ ಚಪ್ಪಲಿ ಬೇಕು. ಅಲೆ ಬಡಿಯುವ ಕಡೆ ಪಾಚಿ ಜಾರುತ್ತದೆ, ಮಕ್ಕಳ ಕೈ ಬಿಡಬಾರದು. ಮರ‍ಡಿಹಳ್ಳಿಯನ್ನು ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ನೋಡಿದರೆ ದಿಂಬುಗಳ ಅಂಚು ಸ್ಪಷ್ಟವಾಗಿ ಕಾಣುತ್ತದೆ. ನಡುಹಗಲಿನಲ್ಲಿ ಎಲ್ಲವೂ ಒಂದೇ ಬಂಡೆಯಂತೆ ತೋರುತ್ತದೆ. ಸುತ್ತಿಗೆಯನ್ನು ಮನೆಯಲ್ಲಿಯೇ ಬಿಟ್ಟುಹೋಗಿ. ಬೆಂದ್ರುತೀರ್ಥಕ್ಕೆ ಹೋಗುವವರು ಒಂದು ಉಷ್ಣಮಾಪಕವನ್ನು ತೆಗೆದುಕೊಂಡು ಹೋಗಿ, ನೋಡಿದ ಅಂಕಿಯನ್ನೂ ದಿನಾಂಕವನ್ನೂ ಬರೆದಿಡಿ.